ಮೂರು ದಿನದ ಎದೆಗಾವಲು

ದೊಡ್ಡಕ್ಕನ ಎಡಗಿವಿ ಹೋದದ್ದು ಒಬ್ಬನ ಏಟಿಗೆ. ಆಗ ಆಕೆ ಯಾರಿಗೂ ದೊಡ್ಡಕ್ಕ ಆಗಿರಲಿಲ್ಲ. ಆಸ್ಪತ್ರೆಗೆ ಸೇರಿ ಎರಡು ವರ್ಷವಾಗಿದ್ದ ಕಿರಿಯ ನರ್ಸು. ಲಕ್ವ ಹೊಡೆದು ಬಂದಿದ್ದ ಒಬ್ಬ ದರ್ಜಿ ಆಕೆಯ ಪಾಳಿಯಲ್ಲಿದ್ದ. ಮೂರನೇ ದಿನ ಬೆಳಿಗ್ಗೆ ಅವನಿಗೆ ಮಾತು ಮರಳಿತ್ತು, ಸೆಟೆದಿದ್ದ ಬೆರಳುಗಳು ಮಡಚತೊಡಗಿದ್ದವು. ಹಾಲು ಕುಡಿದ, ಗಡ್ಡ ಹೆರೆಸಿಕೊಂಡ, "ನಿಮ್ಮ ಯೂನಿಫಾರ್ಮಿನ ತೋಳು ಸಡಿಲ ಆಗಿದೆ ಸಿಸ್ಟರ್, ತಂದ್ಕೊಡಿ, ಹಿಡಿದು ಕೊಡ್ತೀನಿ" ಎಂದ. ಆಮೇಲೆ ತಾನೇ ನಡೆದು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡ. ಬಾಗಿಲು ಒಡೆದು ನೋಡಿದಾಗ ಗೋಡೆಗೊರಗಿ ಕೂತಿದ್ದ. ಕಣ್ಣು ತೆರೆದಿತ್ತು, ಜೀವ ಇರಲಿಲ್ಲ.

ಅವನ ಮಗ ಹಣ್ಣಿನ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದವನು ಸುದ್ದಿ ಕೇಳಿ ಚೀಲ ಎಸೆದು ಓಡಿಬಂದ. ಎದುರಿಗೆ ಸಿಕ್ಕವಳು ಇವಳು. "ನಿನ್ನೆ ನಗ್ತಾ ಇದ್ದ ಮನುಷ್ಯ! ಏನ್ ಮಾಡಿದ್ರೇ ಅವನಿಗೆ?" ಎಂದವನೇ ಅಂಗೈ ಬೀಸಿದ. ತಲೆ ಕಬ್ಬಿಣದ ಬೀರುವಿಗೆ ಬಡಿಯಿತು. ಅಷ್ಟಕ್ಕೆ ಬಿಡದೆ ಜುಟ್ಟು ಹಿಡಿದು ಅದೇ ಬೀರುವಿಗೆ ಇನ್ನೆರಡು ಸಲ ಬಡಿದ. ಕಿವಿಯಿಂದ ಇಳಿದ ರಕ್ತ ಕೊರಳಪಟ್ಟಿಯನ್ನು ತೋಯಿಸಿತು. ಬಿಡಿಸಲು ಬಂದ ಕಾವಲಿನವನ ಮೂಗೂ ಒಡೆಯಿತು.

ಇದನ್ನು ನಾನು ಕಣ್ಣಾರೆ ಕಂಡವನಲ್ಲ. ನಾನು ಆ ವಾರ್ಡಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಇಸಿಜಿ ತೆಗೆಯುವ ಕೆಲಸಕ್ಕೆ. ರೋಗಿಯ ಎದೆಗೆ ತಂತಿ ಹಚ್ಚುವುದು, ಗುಂಡಿಗೆಯ ಗೆರೆಯನ್ನು ಕಾಗದದ ಮೇಲೆ ಇಳಿಸುವುದು, ಅಷ್ಟೇ ನನ್ನ ವಿದ್ಯೆ. ವಾರ್ಡಿನಲ್ಲಿ ನನಗೆ 'ಇಸಿಜಿ' ಎಂದೇ ಹೆಸರು. ಹಳೆಯ ಕಥೆಯನ್ನು ದೊಡ್ಡಕ್ಕನೇ ಒಮ್ಮೆ ಹತ್ತಿ ಸುತ್ತುತ್ತ, ಬೇರೆ ಯಾರಿಗೋ ಆದದ್ದು ಎಂಬಂತೆ ಹೇಳಿದ್ದಳು.

ಕಿವಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಆಗಿನ ಮುದಿ ಡಾಕ್ಟರು ನೋಡಲು ಬಂದರಂತೆ. ಇವಳು ಕೇಳಿದಳಂತೆ, "ಸರ್, ದರ್ಜಿ ಯಾಕೆ ಸತ್ತ?"

"ಎದೆ ನಿಂತು ಸತ್ತ," ಎಂದರಂತೆ ಅವರು. "ಮಿದುಳಿಗೆ ಪೆಟ್ಟು ಬಿದ್ರೆ ಅದರ ರಭಸ ಗುಂಡಿಗೆಗೂ ತಗಲುತ್ತೆ. ಮೊದಲ ಮೂರು ದಿನ ಗುಂಡಿಗೆ ಬೆದರಿದ ಕುದುರೆ ಇದ್ದ ಹಾಗೆ, ಯಾವಾಗ ಹೆಜ್ಜೆ ತಪ್ಪುತ್ತೋ ಹೇಳೋಕಾಗಲ್ಲ. ನಾವೆಲ್ಲ ಅವನ ಕೈಕಾಲು ನೋಡ್ತಾ ಇದ್ವಿ. ಎದೆ ಕಡೆ ಯಾರೂ ನೋಡ್ಲಿಲ್ಲ."

"ಹಾಗಾದ್ರೆ ಅವನ ಮಗ ಹೊಡೆದದ್ದು ಸರೀನಾ?"

ಡಾಕ್ಟರು ಕಿವಿಯ ಪಟ್ಟಿ ಸರಿಮಾಡುತ್ತ, "ಹೊಡೆದದ್ದು ತಪ್ಪಮ್ಮ. ಕೇಳಿದ್ದು ತಪ್ಪಲ್ಲ," ಎಂದರಂತೆ.

ಬೇರೆ ಯಾರಾದರೂ ಆಗಿದ್ದರೆ ಕೆಲಸ ಬಿಟ್ಟು ಹೋಗುತ್ತಿದ್ದರು. ಇವಳು ಅದೇ ವಾರ್ಡು ಬೇಕೆಂದು ಕೇಳಿ ಪಡೆದುಕೊಂಡಳು.

ಮನೆಯಲ್ಲಿ ಇನ್ನೊಂದು ಬಗೆಯ ಕಥೆ. ಮದುವೆಯಾಗಿ ಎಂಟು ತಿಂಗಳಿಗೆ ಗಂಡ ಬೆಲ್ಟು ಬಿಚ್ಚಿದ. ಮೊದಲ ದಿನ ಹೊಡೆಸಿಕೊಂಡಳು. ಎರಡನೇ ದಿನ ಅವನು ಬಾಗಿಲ ಸಂದಿಯಲ್ಲಿ ಕೈ ಹಾಕಿ ಎಳೆಯಲು ಬಂದಾಗ ಹೆಗಲು ಕೊಟ್ಟು ಬಾಗಿಲು ಹಾಕಿಬಿಟ್ಟಳು. ಮೂರು ಬೆರಳು ಮುರಿದವು. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪಟ್ಟಿ ಕಟ್ಟಿಸಿ, ಮಾತ್ರೆ ಯಾವಾಗ ನುಂಗಬೇಕೆಂದು ಚೀಟಿ ಬರೆದುಕೊಟ್ಟು, ತನ್ನ ಟ್ರಂಕು ಎತ್ತಿಕೊಂಡು ಹೊರಟಳು. ವಿಚಿತ್ರವೆಂದರೆ ವಾರ ಕಳೆಯುವಷ್ಟರಲ್ಲಿ ಅವಳ ಅತ್ತೆಯೂ ಒಂದು ಗಂಟು ಹೊತ್ತು ಹಿಂದೆಯೇ ಬಂದರು. "ನಿನಗೆ ಎಂಟು ತಿಂಗಳು ಕಣೇ. ನಾನು ಅವನಪ್ಪನ ಹತ್ರ ಮೂವತ್ತು ವರ್ಷ ಏಟು ತಿಂದಿದ್ದೀನಿ. ಈಗ ಮಗನ ಹತ್ರಾನೂ ತಿನ್ನಲಾ?" ಎಂದರು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅತ್ತೆ ಸೊಸೆ ಇಪ್ಪತ್ತಾರು ವರ್ಷ ಜಗಳವಾಡುತ್ತ ಸುಖವಾಗಿದ್ದರು.

ನಾನು ಸೇರುವ ಹೊತ್ತಿಗೆ ಆರು ಹಾಸಿಗೆಯ ಆ ವಾರ್ಡಿನಲ್ಲಿ ದೊಡ್ಡಕ್ಕನ ಮಾತೇ ಕಾನೂನು. ಲಕ್ವದ ರೋಗಿ ಬಂದ ಗಳಿಗೆಯಿಂದ ಮೂರು ದಿನ ಎದೆಯ ತಂತಿ ಬಿಚ್ಚುವ ಹಾಗಿಲ್ಲ. ಬಚ್ಚಲಿಗೆ ನಡೆಯುವ ಹಾಗಿಲ್ಲ, ಎಲ್ಲವೂ ಹಾಸಿಗೆಯಲ್ಲೇ. ಮಲಬದ್ಧತೆ ಆಗಬಾರದು, ತಿಣುಕಿದರೆ ಗುಂಡಿಗೆಗೆ ಹೊರೆ. ಜ್ವರ ಏರಬಾರದು. ರಕ್ತದೊತ್ತಡ ಒಮ್ಮೆಲೇ ಇಳಿಸಲೂಬಾರದು, ನೆಗೆಯಲು ಬಿಡಲೂಬಾರದು. ದಿನಕ್ಕೆ ಎರಡು ಸಲ ನನ್ನ ಕಾಗದ, ಒಂದು ಸಲ ಗುಂಡಿಗೆಯ ರಕ್ತಪರೀಕ್ಷೆ. ಎಲ್ಲಕ್ಕಿಂತ ಮುಖ್ಯವಾಗಿ, ಹಾಸಿಗೆಯ ಪಕ್ಕ ಜಗಳ ಕೂಡದು, ಅಳು ಕೂಡದು, ಕೆಟ್ಟ ಸುದ್ದಿ ಕೂಡದು. ಗೋಳಾಡಲು ಬಂದ ಬಂಧುಗಳನ್ನು ರಟ್ಟೆ ಹಿಡಿದು ಹೊರಗೆ ದಬ್ಬುತ್ತಿದ್ದಳು.

"ಪೆಟ್ಟು ಬಿದ್ದಿರೋದು ತಲೆಗೆ, ತಂತಿ ಹಚ್ಚಿರೋದು ಎದೆಗೆ," ಎಂದು ಒಬ್ಬ ಮುದುಕ ನನ್ನೆದುರಿಗೇ ನಕ್ಕಿದ್ದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

"ಒಂದೇ ನೊಗಕ್ಕೆ ಕಟ್ಟಿದ್ದಾರಲ್ಲ ಅಜ್ಜ," ಎಂದಳು ದೊಡ್ಡಕ್ಕ. "ಒಂದು ಮುಗ್ಗರಿಸಿದ್ರೆ ಇನ್ನೊಂದು ನೆಟ್ಟಗೆ ನಿಲ್ಲುತ್ತಾ?"

ಹೀಗಿದ್ದ ವಾರ್ಡಿಗೆ ಒಂದು ದಿನ ಸಂಜೆ ಕಮಾನುಪಟ್ಟಿ ಮೇಸ್ತ್ರಿಯನ್ನು ಹೊತ್ತು ತಂದರು. ಲಾರಿಯ ಅಡಿಗೆ ಒಂದರ ಮೇಲೊಂದು ಜೋಡಿಸುವ ಉಕ್ಕಿನ ಪಟ್ಟಿಗಳನ್ನು ಕಾಯಿಸಿ, ಬಡಿದು, ಬಾಗಿಸಿ ಕೊಡುವ ಕೆಲಸ ಅವನದು. ಐವತ್ತೈದು ವಯಸ್ಸು, ಕಂಬದಂಥ ಕೊರಳು, ಕಿಡಿ ಹಾರಿ ಹಾರಿ ಚುಕ್ಕೆಚುಕ್ಕೆಯಾಗಿ ಸುಟ್ಟ ಮುಂಗೈ. ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಹುಬ್ಬು ಸೀಳಿ ಮೂಳೆ ಕಾಣುತ್ತಿತ್ತು. ಬೆಳಿಗ್ಗೆ ಬಿದ್ದವನನ್ನು ಸಂಜೆ ತಂದಿದ್ದರಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಹೊತ್ತು ಮೀರಿತ್ತು.

ಹೊತ್ತು ಮೀರಿದ್ದಕ್ಕೆ ಕಾರಣ ಕುಲುಮೆಯ ಮುಂದೆ ನಡೆದ ಹೊಡೆದಾಟ. ಮೇಸ್ತ್ರಿಗೆ ಒಬ್ಬ ತಮ್ಮ, ಅದೇ ಕುಲುಮೆಯಲ್ಲಿ ಸಮ್ಮಟಿಗೆ ಹಿಡಿಯುವವನು. ತಮ್ಮ ಆತುರಕ್ಕೆ ಬಿದ್ದು ಸರಿಯಾಗಿ ಹದ ಮಾಡದೆ ಕೊಟ್ಟಿದ್ದ ಒಂದು ಪಟ್ಟಿ ಇಳಿಜಾರಿನಲ್ಲಿ ಮುರಿದು, ಲಾರಿ ಮಗುಚಿ, ಡ್ರೈವರನ ಕಾಲು ಮಂಡಿಯಿಂದ ಕೆಳಗೆ ಹೋಗಿತ್ತು. ಆ ಸುದ್ದಿ ಬಂದ ಬೆಳಿಗ್ಗೆ ಅಣ್ಣ ತಮ್ಮನನ್ನು ಇಕ್ಕಳದಿಂದ ಹೊಡೆದ. ತಮ್ಮ ತಿರುಗಿ ಅಣ್ಣನ ಎದೆಗೆ ಒದ್ದ. ಅಣ್ಣ ಸಮ್ಮಟಿಗೆ ಎತ್ತಿದ. ಎತ್ತಿದ್ದು ಇಳಿಯಲಿಲ್ಲ. ಎಡಗೈ ಸಡಿಲಿತು, ಸಮ್ಮಟಿಗೆ ಹಿಂದಕ್ಕೆ ಬಿತ್ತು, ಮೇಸ್ತ್ರಿ ಮುಂದಕ್ಕೆ ಬಿದ್ದ, ಕಬ್ಬಿಣ ಬಡಿಯುವ ಅಡಿಗಲ್ಲಿನ ಅಂಚಿಗೆ ಹುಬ್ಬು ಬಡಿಯಿತು.

ಅಷ್ಟರಲ್ಲಿ ಮೇಸ್ತ್ರಿಯ ಅಳಿಯ ಬಂದ. ಪಕ್ಕದ ಶೆಡ್ಡಿನಲ್ಲಿ ಲಾರಿಗೆ ಮರದ ಬಾಡಿ ಕಟ್ಟುವವನು, ಮಾವನೆಂದರೆ ಪ್ರಾಣ. ಕಂಡದ್ದು ಇಷ್ಟೇ: ಮಾವ ರಕ್ತದಲ್ಲಿ ಬಿದ್ದಿದ್ದಾನೆ, ಮಾವನ ತಮ್ಮ ಅವನ ಮೇಲೆ ಬಗ್ಗಿದ್ದಾನೆ, ಪಕ್ಕದಲ್ಲಿ ಸಮ್ಮಟಿಗೆ. ಅಳಿಯ ಮತ್ತು ಅವನ ಕೆಲಸದ ಇಬ್ಬರು ಸೇರಿ ತಮ್ಮನನ್ನು ಮರದ ರೀಪರಿನಿಂದ ಬಡಿದರು. ಎರಡು ಹಲ್ಲು ಹೋದವು, ಕಣ್ಣು ಮುಚ್ಚುವಷ್ಟು ಊದಿತು. ಈ ಗದ್ದಲದಲ್ಲಿ ಮೇಸ್ತ್ರಿ ಎರಡು ಗಂಟೆ ನೆಲದಲ್ಲೇ ಬಿದ್ದಿದ್ದ. ಏಟಿಗೆ ತಲೆ ಸುತ್ತಿದೆ, ಎದ್ದೇಳುತ್ತಾನೆ ಎಂದುಕೊಂಡರಂತೆ. ಆಮೇಲೆ ಹತ್ತಿರದ ಕಾಂಪೌಂಡರನ ಹತ್ತಿರ ಕೊಂಡೊಯ್ದು ಹುಬ್ಬಿಗೆ ಹೊಲಿಗೆ ಹಾಕಿ ಎಂದರಂತೆ. ಅವನು ಬಹಳ ಹೊತ್ತು ಕಾಯಿಸಿ, ಎಡಭಾಗ ಬಿದ್ದದ್ದು ಕಂಡು ಹೊಲಿಗೆ ಹಾಕದೆ ಆಸ್ಪತ್ರೆಗೆ ಕಳಿಸುವಾಗ ಸಂಜೆಯಾಗಿತ್ತು.

ಮೊದಲ ರಾತ್ರಿಯ ಕಾಗದ ನೋಡಿ ನನಗೇ ಭಯವಾಯಿತು. ನಾಲ್ಕು ಬಡಿತ ಸರಿ, ಐದನೆಯದು ಅಡ್ಡಾದಿಡ್ಡಿ. ರಕ್ತಪರೀಕ್ಷೆಯಲ್ಲೂ ಗುಂಡಿಗೆ ನೊಂದಿದೆ ಎಂದೇ ಬಂತು. ದೊಡ್ಡಕ್ಕ ಮೇಸ್ತ್ರಿಯ ಹಾಸಿಗೆಯನ್ನು ತನ್ನ ಮೇಜಿಗೆ ತಾಗಿಸಿ ಎಳೆಸಿಕೊಂಡಳು. ಶಾಕ್ ಕೊಡುವ ಯಂತ್ರವನ್ನು ಕಪಾಟಿನಿಂದ ತೆಗೆಸಿ ತಲೆದೆಸೆಯಲ್ಲಿ ಇಡಿಸಿದಳು. ಅಳಿಯನನ್ನು ಬಾಗಿಲಾಚೆ ನಿಲ್ಲಿಸಿ, ಮಗಳೊಬ್ಬಳನ್ನೇ ಒಳಗೆ ಬಿಟ್ಟಳು.

ಮೇಸ್ತ್ರಿ ಸುಮ್ಮನೆ ಮಲಗುವ ಪೈಕಿ ಅಲ್ಲ. ಬಿದ್ದುಹೋದದ್ದು ಎಡಗೈ, ಬಲಗೈ ಹಾಗೇ ಇತ್ತು, ಮತ್ತು ಅದು ಸಮ್ಮಟಿಗೆ ಹಿಡಿದ ಕೈ. ಮರುದಿನ ನಾನು ತಂತಿ ಸರಿಪಡಿಸಲು ಬಗ್ಗಿದಾಗ ಮುಷ್ಟಿಯಿಂದ ಗುದ್ದಿದ. ಕನ್ನಡಕ ಎರಡು ತುಂಡಾಗಿ ಒಂದು ಚೂರು ಕೆನ್ನೆಗೆ ಚುಚ್ಚಿತು. ತಂತಿ ಕಿತ್ತ, ಮೂತ್ರದ ನಳಿಕೆ ಎಳೆದ, ಮಗಳ ಕೂದಲು ಹಿಡಿದು ಹಾಸಿಗೆಯ ಸರಳಿಗೆ ಜಗ್ಗಿದ. ಮಾನಿಟರಿನಲ್ಲಿ ಗೆರೆ ಹುಚ್ಚೆದ್ದು ಓಡಿತು.

ದೊಡ್ಡಕ್ಕ ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೆ ತನ್ನ ಪೂರ್ತಿ ಭಾರ ಹಾಕಿ ಕೂತಳು. "ಮೇಸ್ತ್ರಿ, ಹೊಡೆಯೋ ಹಾಗಿದ್ರೆ ಆಮೇಲೆ ಹೊಡೀರಿ. ಸಾಲಲ್ಲಿ ನಿಂತ್ಕೊಂಡು ಹೊಡೆಸ್ಕೋತೀವಿ. ಈಗ ನಿಮ್ಮ ಗುಂಡಿಗೆ ಕೆಂಪಗೆ ಕಾದಿರೋ ಪಟ್ಟಿ ಇದ್ದ ಹಾಗಿದೆ. ಕಾದಿರೋದನ್ನ ಗಬಕ್ಕನೆ ನೀರಿಗೆ ಅದ್ದಿದ್ರೆ ಏನಾಗುತ್ತೆ, ನೀವೇ ಹೇಳಿ."

ಮೇಸ್ತ್ರಿ ಕೈ ಎಳೆಯುವುದನ್ನು ಬಿಟ್ಟ. ಸೊಟ್ಟ ಬಾಯಿಯಿಂದ ಒಂದು ಪದ ಹೊರಬಿತ್ತು. "ಸೀಳತ್ತೆ."

ಅಂದು ಮಧ್ಯಾಹ್ನ ಅವನು ದೊಡ್ಡಕ್ಕನನ್ನು ಸನ್ನೆ ಮಾಡಿ ಕರೆದ. ನಾಲಗೆ ಹೊರಳುತ್ತಿರಲಿಲ್ಲ. ಅವಳು ಕೇಳುವ ಕಿವಿಯನ್ನು ಅವನ ಬಾಯಿಗೆ ಹಿಡಿದು ಬಗ್ಗಿದಳು. "ತಮ್ಮ... ಹೊಡೀಲಿಲ್ಲ. ನಾನೇ... ಎತ್ತಿದ್ದೆ. ಬಿದ್ದೆ. ಅವನ್ನ ಕರೀರಿ."

"ನಾಡಿದ್ದು ಸಂಜೆಗೆ ಮೂರು ದಿನ ತುಂಬುತ್ತೆ. ಅದರ ಮರುದಿನ ಬೆಳಿಗ್ಗೆ ನಾನೇ ಕರೆಸ್ತೀನಿ," ಎಂದಳು ದೊಡ್ಡಕ್ಕ. ಮಗಳನ್ನು ಹೊರಗೆ ಕರೆದು ಅಪ್ಪ ಹೇಳಿದ್ದನ್ನು ಹಾಗೇ ತಿಳಿಸಿ, "ಗಂಡನಿಗೆ ಹೇಳು, ಸಿಟ್ಟು ಇಳಿಸ್ಕೊಳ್ಳಲಿ. ಚಿಕ್ಕಪ್ಪನಿಗೆ ಮಾತ್ರ ಈಗಲೇ ಹೇಳಬೇಡ," ಎಂದಳು.

ಮಗಳು ಗಂಡನಿಗೆ ಹೇಳಿದಳು. "ಮಾತೇ ಬರದವನು ಹೇಳಿದ್ನಂತೆ, ಕಿವುಡಿ ಕೇಳಿಸ್ಕೊಂಡ್ಳಂತೆ!" ಎಂದು ಅವನು ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದ. ಬೇಸರಗೊಂಡ ಮಗಳು ಚಿಕ್ಕಪ್ಪನಿಗೂ ಹೇಳಿ ಕಳಿಸಿದಳು. ಬೇಡ ಎಂದದ್ದನ್ನು ಯಾಕೆ ಮಾಡಿದೆ ಎಂದು ಆಮೇಲೆ ನಾನೇ ಕೇಳಿದ್ದೆ. "ಅಪ್ಪ ಇರ್ತಾನೋ ಇಲ್ವೋ ಅನ್ನಿಸ್ತು. ನೋಡದೇನೇ ಹೋಗಿಬಿಟ್ರೆ ಚಿಕ್ಕಪ್ಪ ಬದುಕ್ತಾ ಇರ್ಲಿಲ್ಲ," ಎಂದಳು.

ಮೂರನೇ ದಿನ ಮಧ್ಯಾಹ್ನ ನಾಲ್ಕು ಗಂಟೆ, ನೋಡಲು ಬರುವವರ ಹೊತ್ತು. ಡಾಕ್ಟರು ಕೆಳಗಿನ ತುರ್ತು ವಿಭಾಗಕ್ಕೆ ಹೋಗಿದ್ದರು. ಇನ್ನೊಬ್ಬ ನರ್ಸು ಔಷಧಿ ತರಲು ಹೋಗಿದ್ದಳು. ಮೇಸ್ತ್ರಿಯ ತಮ್ಮ ಹಿಂದಿನ ಮೆಟ್ಟಿಲಿಂದ ಬಂದ. ತಲೆಗೆ ಪಟ್ಟಿ, ಒಂದು ಕಣ್ಣು ನೇರಳೆ ಬಣ್ಣಕ್ಕೆ ಊದಿ ಮುಚ್ಚಿತ್ತು, ಮೇಲ್ದುಟಿ ಸೀಳಿತ್ತು. ಅಣ್ಣನ ಕಾಲಿನ ಹತ್ತಿರ ನಿಂತು ಮಾತಾಡದೆ ಹೊದಿಕೆಯ ಅಂಚನ್ನು ಹಿಡಿದುಕೊಂಡ. ದೊಡ್ಡಕ್ಕ ಅವನನ್ನು ನೋಡಿ, ಮಾನಿಟರು ನೋಡಿ, "ಎರಡು ನಿಮಿಷ. ತುಟಿ ಬಿಚ್ಚಬೇಡ," ಎಂದಳು.

ಎರಡು ನಿಮಿಷ ಆಗಲಿಲ್ಲ. ಯಾರು ಹೋಗಿ ಹೇಳಿದರೋ, ಅಳಿಯ ಬಾಗಿಲನ್ನು ಒದ್ದು ಒಳಗೆ ಬಂದ. ಹಿಂದೆ ಅವನ ಕೆಲಸದವರಿಬ್ಬರು. "ಮುಗಿಸೋಕೆ ಬಂದ್ಯಾ? ಅರ್ಧ ಕೊಂದದ್ದು ಸಾಲ್ಲಿಲ್ವಾ?" ಎಂದವನೇ ಸ್ಟೂಲೆತ್ತಿ ಬೀಸಿದ. ತಮ್ಮನ ಹೆಗಲಿಗೆ ಬಿದ್ದ ಸ್ಟೂಲು ಕಾಲು ಮುರಿದು ಹಾರಿ ಕಿಟಕಿಯ ಗಾಜು ಒಡೆಯಿತು. ಇಬ್ಬರು ಸೇರಿ ತಮ್ಮನನ್ನು ಕೆಳಗೆ ಕೆಡವಿ ಪಕ್ಕೆಗೆ ತುಳಿದರು. ಅವನು ಒಬ್ಬನ ಕಾಲು ಹಿಡಿದು ತಿರುಚಿ ಬೀಳಿಸಿ, ಅವನ ಮುಖವನ್ನು ನೆಲಕ್ಕೆ ಗುದ್ದಿದ. ಔಷಧದ ಟ್ರಾಲಿ ಮಗುಚಿತು. ಎರಡನೇ ಹಾಸಿಗೆಯ ಮುದುಕಿ ಕಿರುಚಿಕೊಂಡಳು.

ನಾನು ಏನು ಮಾಡಿದೆ ಎಂದು ಇಲ್ಲಿ ಹೇಳಲೇಬೇಕು. ನಾನು ಓಡಿದೆ. ವಾರ್ಡಿನ ಮೂಲೆಯಲ್ಲಿ ಹಾಸಿಗೆಬಟ್ಟೆ ಇಡುವ ಒಂದು ಗೂಡಿತ್ತು, ಅದರೊಳಗೆ ನುಗ್ಗಿ ಅರ್ಧಬಾಗಿಲು ಎಳೆದುಕೊಂಡೆ. ಸಂದಿಯಿಂದ ಎಲ್ಲ ಕಾಣುತ್ತಿತ್ತು.

ದೊಡ್ಡಕ್ಕ ಹೊಡೆದಾಟದ ಕಡೆ ತಿರುಗಿಯೂ ನೋಡಲಿಲ್ಲ. ಮೇಸ್ತ್ರಿಯ ಮುಖಕ್ಕೆ ತನ್ನ ಮೈ ಅಡ್ಡ ಹಿಡಿದು, ಅವನಿಗೆ ಏನೂ ಕಾಣದಂತೆ ಬಗ್ಗಿ, "ನನ್ನ ಕಣ್ಣು ನೋಡಿ. ಉಸಿರು ಎಳೀರಿ, ಬಿಡಿ. ನನ್ನನ್ನೇ ನೋಡಿ," ಎನ್ನುತ್ತಿದ್ದಳು. ಮೇಸ್ತ್ರಿ ಅವಳನ್ನು ಪಕ್ಕಕ್ಕೆ ದೂಡಿ ತಮ್ಮನನ್ನು ನೋಡಲು ತಿಣುಕುತ್ತಿದ್ದ. ಗಂಟಲಿನಿಂದ ಒಂದು ಗೊರಗೊರ ಸದ್ದು ಬರುತ್ತಿತ್ತು.

ಅಷ್ಟರಲ್ಲಿ ತಮ್ಮ ಬಿಡಿಸಿಕೊಂಡು ಹಾಸಿಗೆಯ ಬಳಿ ತೆವಳಿದ. ಅಳಿಯ ಗ್ಲೂಕೋಸ್ ತೂಗುಹಾಕುವ ಕಬ್ಬಿಣದ ಕಂಬವನ್ನು ಎರಡೂ ಕೈಯಲ್ಲಿ ಎತ್ತಿದ. ಗುರಿ ತಮ್ಮನ ತಲೆ. ಆದರೆ ಕಂಬ ಬರುತ್ತಿದ್ದ ದಾರಿಯಲ್ಲಿ ಮೇಸ್ತ್ರಿಯ ಮುಖವೂ ಇತ್ತು. ದೊಡ್ಡಕ್ಕ ಬಲಗೈ ಅಡ್ಡ ಕೊಟ್ಟಳು. ಒಣಗಿದ ಕಟ್ಟಿಗೆ ಮುರಿದಂಥ ಸದ್ದು ಗೂಡಿನೊಳಗಿದ್ದ ನನಗೂ ಕೇಳಿತು. ಮುಂಗೈ ಮಧ್ಯದಲ್ಲಿ ಬಾಗಿ ಜೋತುಬಿತ್ತು.

ಅವಳು ಕಿರುಚಲಿಲ್ಲ, ಅಥವಾ ಕಿರುಚಿದ್ದರೆ ನನಗೆ ಕೇಳಲಿಲ್ಲ. ಆ ಹೊತ್ತಿಗೆ ಮಾನಿಟರೇ ಕಿರುಚತೊಡಗಿತ್ತು. ಗೆರೆಗೆ ಬಡಿತದ ಆಕಾರವೇ ಇರಲಿಲ್ಲ. ಮಗು ಗೀಚಿದ ಹಾಗೆ ನಡುಗುತ್ತಿತ್ತು. ಮೇಸ್ತ್ರಿಯ ಕಣ್ಣು ಮೇಲಕ್ಕೆ ಹೋಗಿ ಬಾಯಿ ತೆರೆದುಕೊಂಡಿತು.

"ಇಸಿಜಿ!" ಎಂದು ಕೂಗಿದಳು ದೊಡ್ಡಕ್ಕ. "ಹೊರಗೆ ಬಾ. ಶಾಕ್ ಯಂತ್ರ ಆನ್ ಮಾಡು."

ನನ್ನ ಕಾಲು ತಾವಾಗಿ ಹೊರಗೆ ಬಂದವು.

ಅವಳು ಎಡಗೈಯೊಂದರಿಂದ ಎದೆ ಒತ್ತಲು ನೋಡಿದಳು. ಆಗಲಿಲ್ಲ. ಹಾಸಿಗೆಯ ಪಕ್ಕ ಮಂಡಿಯೂರಿದ್ದ ತಮ್ಮನ ಕೊರಳಪಟ್ಟಿಗೆ ಕೈ ಹಾಕಿ ಎಬ್ಬಿಸಿದಳು. "ಸಮ್ಮಟಿಗೆ ಹಿಡಿಯೋ ಕೈ ಅಲ್ವಾ ನಿಂದು? ಹಾಸಿಗೆ ಮೇಲೆ ಹತ್ತು. ಇಲ್ಲಿ, ಎದೆ ಮಧ್ಯ, ಕೈ ಮೇಲೆ ಕೈ. ಮೊಣಕೈ ಮಡಚಬೇಡ. ಒತ್ತು!"

ಅವನು ಒತ್ತಿದ. ಮೂರನೇ ಒತ್ತಿಗೆ ಅಣ್ಣನ ಪಕ್ಕೆಲುಬು ಲಟಕ್ಕೆಂದಿತು. ತಮ್ಮ ಬೆಚ್ಚಿ ಕೈ ಎತ್ತಿಬಿಟ್ಟ. "ಮುರೀತು! ಅಕ್ಕಾ, ಮುರೀತು!"

"ಮುರೀಲಿ! ಎಲುಬು ಕೂಡುತ್ತೆ, ಸತ್ತವನು ಎದ್ದು ಬರಲ್ಲ. ಒತ್ತು! ಒಂದು, ಎರಡು, ಮೂರು..."

ತಮ್ಮ ಬಿಕ್ಕುತ್ತ ಒತ್ತತೊಡಗಿದ. ಅವನ ತುಟಿಯ ರಕ್ತ ಅಣ್ಣನ ಎದೆಯ ಮೇಲೆ ತೊಟ್ಟಿಕ್ಕಿ ಅಂಗೈಗಳ ಕೆಳಗೆ ಜಾರುತ್ತಿತ್ತು. ಇನ್ನೊಂದು ಎಲುಬು ಮುರಿಯಿತು. ಅವನು ನಿಲ್ಲಿಸಲಿಲ್ಲ. ಅಳಿಯನಿಗೆ ಇದೆಲ್ಲ ಏನೆಂದು ಅರ್ಥವಾಗಿರಲಿಲ್ಲ. ಚಿಕ್ಕಮಾವ ಮಾವನ ಎದೆ ಮುರಿಯುತ್ತಿದ್ದಾನೆ ಎಂದಷ್ಟೇ ಅವನಿಗೆ ಕಂಡದ್ದು. ಕಂಬ ಎತ್ತಿ ತಮ್ಮನ ಬೆನ್ನಿಗೆ ಬಾರಿಸಿದ. ಒಂದು ಏಟು, ಎರಡು ಏಟು. ಏಟು ಬಿದ್ದಾಗಲೆಲ್ಲ ತಮ್ಮ "ಹ್ಞಾ" ಎನ್ನುತ್ತ ಮುಂದಕ್ಕೆ ಬಾಗುತ್ತಿದ್ದ, ಆದರೂ ಲೆಕ್ಕ ತಪ್ಪದೆ ಒತ್ತುತ್ತಿದ್ದ.

ಮೂರನೇ ಏಟು ಬೀಳಲಿಲ್ಲ. ಮೇಸ್ತ್ರಿಯ ಮಗಳು ಹಾಸಿಗೆಯ ಕೆಳಗಿದ್ದ ಸ್ಟೀಲಿನ ಮಲದ ಬೇಸಿನ್ನನ್ನು ಎಳೆದುಕೊಂಡು, ಅದರಲ್ಲಿ ಏನಿತ್ತೋ ಅದರ ಸಮೇತ ಗಂಡನ ತಲೆಗೆ ಅಪ್ಪಳಿಸಿದಳು. ಅವನು ತಿರುಗಿ ನೋಡಿದ. ಇನ್ನೊಮ್ಮೆ ಅಪ್ಪಳಿಸಿದಳು. ಬೇಸಿನ್ನು ತಗ್ಗಾಯಿತು, ಅವನು ಗೋಡೆ ಹಿಡಿದು ಕುಸಿದ. ಅವನ ಇಬ್ಬರಲ್ಲಿ ಒಬ್ಬ ಮೂಗು ಹಿಡಿದುಕೊಂಡು ನೆಲದಲ್ಲಿದ್ದ, ಇನ್ನೊಬ್ಬ ಮೆಟ್ಟಿಲಿಳಿದು ಓಡಿದ್ದ.

"ಕೈ ತೆಗೆ. ಎಲ್ಲರೂ ದೂರ," ಎಂದಳು ದೊಡ್ಡಕ್ಕ. ನಾನು ಯಂತ್ರದ ಎರಡು ಹಿಡಿಗಳನ್ನು ಮೇಸ್ತ್ರಿಯ ಎದೆಗೆ ಒತ್ತಿದೆ. ಗುಂಡಿ ಒತ್ತಿದಾಗ ಆ ದೊಡ್ಡ ಮೈ ಹಾಸಿಗೆಯಿಂದ ನೆಗೆದು ಬಿತ್ತು. ಗೆರೆ ಹಾಗೇ ನಡುಗುತ್ತಿತ್ತು.

"ಒತ್ತು ಮತ್ತೆ."

ಅವಳು ಮುರಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಎಣಿಸುತ್ತಿದ್ದಳು. ಮುಖ ಸುಣ್ಣ ಬಳಿದ ಹಾಗಾಗಿತ್ತು. ಎಣಿಕೆ ಮಾತ್ರ ಎಲ್ಲೂ ತಡವರಿಸಲಿಲ್ಲ. ಎರಡನೇ ಶಾಕಿಗೆ ಗೆರೆ ಚಪ್ಪಟೆಯಾಯಿತು. ಒಂದು ಗಳಿಗೆ, ನನ್ನ ಜನ್ಮದಲ್ಲಿ ಅಷ್ಟು ಉದ್ದದ ಗಳಿಗೆ ಕಂಡಿಲ್ಲ. ಆಮೇಲೆ ಒಂದು ಬಡಿತ. ಇನ್ನೊಂದು. ಮೆಟ್ಟಿಲು ಹತ್ತುವ ಮುದುಕನ ಹಾಗೆ ನಿಂತು ನಿಂತು ಬಂದವು, ಬಂದವು.

ಡಾಕ್ಟರು ಓಡಿಬಂದಾಗ ವಾರ್ಡು ಹೇಗಿತ್ತೆಂದರೆ, ನೆಲದ ತುಂಬ ಗಾಜು, ರಕ್ತ, ಹೇಲು. ಆ ಹೊಲಸಿನ ನಡುವೆ ಮೇಸ್ತ್ರಿಯ ತಮ್ಮ ಹಾಸಿಗೆಯ ಮೇಲೇ ಮಂಡಿಯೂರಿ ಕೈಯೆತ್ತಿ ಕೂತಿದ್ದ. ಇಳಿ ಎಂದರೂ ಅವನಿಗೆ ಕೇಳುತ್ತಿರಲಿಲ್ಲ. ದೊಡ್ಡಕ್ಕ ಡಾಕ್ಟರಿಗೆ ಬಡಿತ ಎಷ್ಟೊತ್ತು ನಿಂತಿತ್ತು, ಎಷ್ಟು ಶಾಕು, ಎಷ್ಟು ಗಂಟೆಗೆ ಎಂದು ಒಂದೊಂದಾಗಿ ಒಪ್ಪಿಸಿ, ಎರಡನೇ ಹಾಸಿಗೆಯ ಮುದುಕಿಯ ನಾಡಿಯನ್ನೂ ನೋಡಿ ಎಂದು ಹೇಳಿ, ನಂತರ ನೆಲಕ್ಕೆ ಕುಸಿದಳು.

ಅವಳ ಮುಂಗೈಯ ಎರಡೂ ಮೂಳೆ ಮುರಿದಿದ್ದವು. ತಟ್ಟೆ ಕೂರಿಸಿ ಹತ್ತು ತಿರುಪು ಹಾಕಿದರು. ಆಸ್ಪತ್ರೆಯಲ್ಲಿ ನೋಡಲು ಬಂದ ಅತ್ತೆ ಸೊಸೆಯ ಕೈ ಸವರುತ್ತ, "ಮೊದಲು ಕಿವಿ, ಈಗ ಕೈ. ಇನ್ನು ಏನೇನು ಕೊಡೋದಿದೆ ಈ ಹಾಳು ವಾರ್ಡಿಗೆ?" ಎಂದು ಬೈಯುತ್ತಿದ್ದರು. ಅವರು ಹೊರಗೆ ಹೋದ ಮೇಲೆ ನಾನು ಹತ್ತಿರ ಕೂತು ಗೂಡಿನ ವಿಷಯ ಬಾಯಿಬಿಟ್ಟೆ. ಹೇಳದಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

"ಗೊತ್ತು," ಎಂದಳು. "ಬಾಗಿಲ ಕೆಳಗೆ ನಿನ್ನ ಚಪ್ಪಲಿ ಕಾಣ್ತಿತ್ತು. ಅದಕ್ಕೇ ಕರೆದದ್ದು. ಓಡಿಹೋಗಿದ್ರೆ ಯಾರನ್ನ ಕರೀತಿದ್ದೆ?"

ಪೊಲೀಸರು ಬಂದರು. ಎರಡು ಮನೆಯವರೂ ಒಂದಾಗಿ ಬಂದು, ಆದದ್ದು ಆಯಿತು, ಮನೆಯ ವಿಷಯ, ದೂರು ಬೇಡ ಎಂದು ಅವಳ ಕಾಲು ಹಿಡಿದರು. ಮೇಲಿನವರು ಕೂಡ, ಆಸ್ಪತ್ರೆಯ ಹೆಸರು ಬೀದಿಗೆ ಬರುತ್ತದೆ, ಸ್ವಲ್ಪ ಯೋಚಿಸಿ ಎಂದರು. ಮಗಳು ಒಳಗೆ ಬಂದು ಹಾಸಿಗೆಯ ಪಕ್ಕ ನಿಂತು ಅತ್ತಳು. "ಅಕ್ಕಾ, ನಿಮ್ಮಿಂದ ಅಪ್ಪ ಉಳಿದ. ಹಾಗೇನೇ ಇವರನ್ನೂ ಉಳಿಸಿ."

"ನಿಮ್ಮಪ್ಪನ್ನ ಉಳಿಸೋದು ನನ್ನ ಕೆಲಸ. ನಿನ್ನ ಗಂಡನ್ನ ಉಳಿಸೋದು ನನ್ನ ಕೆಲಸ ಅಲ್ಲಮ್ಮ," ಎಂದಳು ದೊಡ್ಡಕ್ಕ. "ಹಿಂದೆ ಒಬ್ಬ ಕಿವಿ ಒಡೆದಾಗ ಪಾಪ ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೇ ಜನಕ್ಕೆ ಇದು ರೂಢಿಯಾಗಿರೋದು." ಎಡಗೈಯಲ್ಲಿ ಸೊಟ್ಟಸೊಟ್ಟ ಸಹಿ ಹಾಕಿ ದೂರು ಕೊಟ್ಟಳು. ಅಳಿಯನಿಗೆ ಹದಿನಾಲ್ಕು ತಿಂಗಳ ಜೈಲಾಯಿತು. ನನ್ನ ಸಾಕ್ಷಿಯೂ ಇತ್ತು. ಕಟಕಟೆಯಲ್ಲಿ ಅವನ ವಕೀಲ, "ನೀವು ಆಗ ಎಲ್ಲಿದ್ರಿ?" ಎಂದು ಕೇಳಿದಾಗ, "ಬಟ್ಟೆ ಗೂಡಿನಲ್ಲಿ ಅಡಗಿದ್ದೆ, ಸಂದಿಯಿಂದ ಎಲ್ಲ ನೋಡಿದೆ," ಎಂದೆ. ಕೋರ್ಟಿನಲ್ಲಿ ನಗು ಎದ್ದಿತು. ದೊಡ್ಡಕ್ಕ ನಗಲಿಲ್ಲ.

ಮೇಸ್ತ್ರಿ ಬದುಕಿದ. ನಾಲ್ಕು ಪಕ್ಕೆಲುಬು ಮುರಿದಿದ್ದವು. ಕೆಮ್ಮಿದಾಗಲೆಲ್ಲ ತಮ್ಮನ ಹೆಸರು ಹಿಡಿದು ಬೈಯುತ್ತಿದ್ದ, ತಮ್ಮ ಬೈಗುಳ ಕೇಳಿ ಮಗುವಿನ ಹಾಗೆ ನಗುತ್ತಿದ್ದ. ಗುಂಡಿಗೆಯ ಒಂದು ರಕ್ತನಾಳ ಮೊದಲೇ ಕಟ್ಟಿಕೊಂಡಿತ್ತೆಂದೂ, ಮಿದುಳಿನ ಪೆಟ್ಟು, ಆಮೇಲೆ ಆ ದಿನದ ಗಾಬರಿ ಎರಡೂ ಅದರ ಮೇಲೆ ಬಿದ್ದವೆಂದೂ ಡಾಕ್ಟರು ಹೇಳಿದರು. ಐದು ವಾರದ ಮೇಲೆ ಕೋಲೂರಿಕೊಂಡು ಮನೆಗೆ ಹೋದ. ಕಾಲು ಕಳೆದುಕೊಂಡ ಲಾರಿ ಡ್ರೈವರನ ಮನೆಗೆ ಅಣ್ಣ ತಮ್ಮ ಇಬ್ಬರೂ ಹೋದರಂತೆ. ಡ್ರೈವರನ ತಾಯಿ ಬಾಗಿಲಲ್ಲೇ ತಮ್ಮನ ಮುಖಕ್ಕೆ ಉಗುಳಿದಳಂತೆ. ಅವನು ಒರೆಸಿಕೊಳ್ಳದೆ ನಿಂತಿದ್ದನಂತೆ. ಆ ಮನೆಯವರು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ.

ಅಳಿಯ ಜೈಲಿನಿಂದ ಬಂದ ಮೇಲೆ ಹೆಂಡತಿಯ ಜೊತೆಗೇ ಇದ್ದಾನೆ. ಆ ಮನೆಯಲ್ಲಿ ಮೊದಲಿನ ಮಾತುಕತೆ ಇಲ್ಲ. ತಗ್ಗಾದ ಸ್ಟೀಲಿನ ಬೇಸಿನ್ನಿನ ವಿಷಯ ಯಾರೂ ಎತ್ತುವುದಿಲ್ಲ.

ದೊಡ್ಡಕ್ಕ ಏಳು ತಿಂಗಳು ರಜೆಯಲ್ಲಿದ್ದಳು. ಬಲ ಅಂಗೈ ಮೇಲ್ಮುಖವಾಗಿ ತಿರುಗದು, ಹೆಬ್ಬೆರಳಿಗೆ ಸ್ಪರ್ಶವಿಲ್ಲ. ಬೇರೆ ಕಡೆ, ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದರು. ಬೇಡವೆಂದಳು. ಅವಳು ಹಿಂತಿರುಗಿದ ದಿನ ನಾಲ್ಕನೇ ಹಾಸಿಗೆಗೆ ಒಬ್ಬ ಶಾಲೆಯ ಮೇಷ್ಟ್ರು ಬಂದಿದ್ದರು, ಲಕ್ವ ಹೊಡೆದು ಆರು ಗಂಟೆಯಾಗಿತ್ತು. ಅವರ ಮಗ ಕಾರಿಡಾರಿನಲ್ಲಿ ಯಾರಿಗೋ ಫೋನಿನಲ್ಲಿ ಕೂಗಾಡುತ್ತಿದ್ದ. ದೊಡ್ಡಕ್ಕ ಹೋಗಿ ಅವನ ಫೋನು ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ಅವನು ಮುಷ್ಟಿ ಬಿಗಿದ. ನನ್ನ ಕಾಲು ಗೂಡಿನ ಕಡೆ ತಿರುಗಿತು. ಆದರೂ ಹೋಗಿ ಅವಳ ಪಕ್ಕ ನಿಂತೆ.

"ಮೂರು ದಿನ," ಎಂದಳು ಅವನಿಗೆ. "ಮೂರು ದಿನ ಮೆಲ್ಲಗೆ ಮಾತಾಡಪ್ಪ. ಆಮೇಲೆ ನನ್ನನ್ನ ಎಷ್ಟು ಬೇಕಾದ್ರೂ ಬೈಯಿ." ಅವನ ಮುಷ್ಟಿ ಸಡಿಲಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಕಾಯಲಿಲ್ಲ, ಒಳಗೆ ಹೋಗಿ ಎಡಗೈಯಲ್ಲಿ ಮೇಷ್ಟ್ರ ಅಂಗಿಯ ಗುಂಡಿ ಬಿಚ್ಚುತ್ತ, ತಂತಿ ತಾ ಎಂದು ನನ್ನತ್ತ ಕೈ ಚಾಚಿದಳು.